ಗಂಧ ಮೆತ್ತಿದ ವೈಫೈ ಪೆಟ್ಟಿಗೆ

ದೊಡ್ಡವಳೇ, ಚಿಕ್ಕವನೇ, ಪೊಂಗಲಿಗೆ ಬಂದಾಗ ನೀವು ಕೇಳಿದಿರಿ: ವೈಫೈಗೆ ನಾವಿಟ್ಟಿದ್ದ ಹೆಸರು ಎಲ್ಲಿ ಹೋಯಿತು ಅಜ್ಜಿ, ಇದ್ಯಾವುದು ಹೊಸ ಹೆಸರು ಎಂದು. ನಾನು ನಕ್ಕು ಒಳಗೆ ಹೋದೆ. ನಾಲ್ಕು ಜನರ ಮುಂದೆ ಒಂದು ವಿಷಯವನ್ನು ಬುಡದಿಂದ ತುದಿಯವರೆಗೆ ಹೇಳಿ ನನಗೆ ರೂಢಿಯಿಲ್ಲ. ಬರೆದರೆ ಬರುತ್ತದೆ. ಊರ ಶಾಲೆಯಲ್ಲಿ ನಾನು ಕಲಿತದ್ದು ತಮಿಳು; ಈ ಕನ್ನಡದ ಅಕ್ಷರಗಳನ್ನು ನಮ್ಮಪ್ಪ ಮೊರದಲ್ಲಿ ರಾಗಿ ಹರಡಿ, ನನ್ನ ಬೆರಳು ಹಿಡಿದು ತಿದ್ದಿಸಿದ್ದು. ನಿಮಗೂ ಹಾಗೆಯೇ ತಿದ್ದಿಸಿದ್ದೇನೆ. ಓದಲು ಬರುವುದಿಲ್ಲ ಎನ್ನಬೇಡಿ.

ಅದು ಆಯುಧಪೂಜೆಯ ಮರುದಿನ. ದಿಂಡಿಗಲ್ಲಿನ ಆಸ್ಪತ್ರೆಯಲ್ಲಿ ನಿಮ್ಮ ಚಿಕ್ಕತಾತನಿಗೆ ಎದೆಯ ಆಪರೇಷನ್ ಇತ್ತು. ವಿಜಯದಶಮಿ ಒಳ್ಳೆಯ ದಿನವೆಂದು ಅವರೇ ಹಟ ಹಿಡಿದು ಆ ದಿನವನ್ನು ಗೊತ್ತು ಮಾಡಿಸಿಕೊಂಡಿದ್ದರು. ಅವರ ತಾಯಿಗೆ, ಅಂದರೆ ನನ್ನ ಅತ್ತೆಗೆ, ಆಪರೇಷನ್ನೇ ಬೇಡವಾಗಿತ್ತು. ನಿಮ್ಮ ಮುತ್ತಜ್ಜಿಗೆ ಕಿವಿ ಪೂರಾ ಕೇಳುವುದಿಲ್ಲವೆಂದು ನಿಮಗೆ ಗೊತ್ತು. ತುಟಿ ನೋಡಿ ಮಾತು ತಿಳಿಯುತ್ತಾರೆ, ಅದೂ ನಮ್ಮ ಮನೆಮಾತನ್ನು ಮಾತ್ರ. ತಮಿಳಾಡುವ ತುಟಿ ಅವರಿಗೆ ತಿಳಿಯುವುದಿಲ್ಲ. ವಾದ ಸಾಕೆನಿಸಿದರೆ ಕಣ್ಣು ಮುಚ್ಚಿಬಿಡುತ್ತಾರೆ. ಆಮೇಲೆ ಯಾರು ಏನು ಹೇಳಿದರೂ ಗೋಡೆಗೆ ಹೇಳಿದ ಹಾಗೆ.

ನಮ್ಮಲ್ಲಿ ಅಂಗಡಿಗೆ ಹೋಗುವವರೂ ಹಿರಿಯರಿಂದ ‘ಹೋಗ್ಬುಟ್ಟು ಬಾ’ ಅನ್ನಿಸಿಕೊಳ್ಳದೆ ಹೊಸಿಲು ದಾಟುವುದಿಲ್ಲ. ಹಿಂದಿನ ಸಂಜೆ, ಪೂಜೆ ಮುಗಿದು ಕಾರು ಬಂದು ನಿಂತ ಮೇಲೆ, ಚಿಕ್ಕತಾತ ತಾಯಿಯ ಮುಂದೆ ಬಹಳ ಹೊತ್ತು ಕುಳಿತರು. ಅತ್ತೆ ಕಣ್ಣು ತೆರೆಯಲಿಲ್ಲ. ಕೊನೆಗೆ ನನ್ನ ಓರಗಿತ್ತಿ, ನಿಮ್ಮ ಚಿಕ್ಕಜ್ಜಿ, ಗಂಡನ ತೋಳು ಹಿಡಿದು ಎಬ್ಬಿಸಿದಳು. ಅವರು ಆ ಮಾತಿಲ್ಲದೆಯೇ ಹೋದರು.

ಬೆಳಿಗ್ಗೆ ನಾನು ಪೂಜೆಯ ಜಾಗವನ್ನು ಒರೆಸಿ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಉಜ್ಜಿಟ್ಟಿದ್ದೆ. ದ್ರಾಕ್ಷಿ ಕತ್ತರಿಸುವ ಕತ್ತರಿಗಳು, ಔಷಧಿ ಹೊಡೆಯುವ ಯಂತ್ರ, ತರಕಾರಿ ಹೆಚ್ಚುವ ಅರಿವಾಳಮಣೆ, ನಿಮ್ಮ ಟ್ಯಾಬ್, ಆ ವೈಫೈ ಪೆಟ್ಟಿಗೆ. ಒಂದಿಷ್ಟು ಕೆಲಸ ಮಾಡುವ ವಸ್ತು ಯಾವುದಿದ್ದರೂ ನಮ್ಮ ಮನೆಯಲ್ಲಿ ಅದಕ್ಕೆ ಪೂಜೆ ಉಂಟು. ಗಂಧ ಕುಂಕುಮದ ಪೊಟ್ಟು ಇಡುವ ಕೆಲಸ ಓರಗಿತ್ತಿಯದು. ನಿಮ್ಮ ತಾತ ಹೋದ ಮೇಲೆ ನಾನು ಅದಕ್ಕೆ ಕೈ ಹಾಕುವುದಿಲ್ಲ. ತೆಗೆಯುವ ಕೆಲಸ ನನ್ನದು.

ಪೆಟ್ಟಿಗೆಯನ್ನು ಗೋಡೆಗೆ ಸಿಕ್ಕಿಸಿ, ಸ್ವಿಚ್ ಹಾಕಿ, ಉಳಿದ ಗಂಧ ಬಿಡಿಸಿದ ಹೊತ್ತಿಗೆ ಅತ್ತೆ ಟ್ಯಾಬನ್ನು ಎದೆಗವಚಿಕೊಂಡು ಬಂದರು. ರಾತ್ರಿಯೂ ಉಂಡಿರಲಿಲ್ಲ.

“ಅವನ ಮೊಖ ಕಾಣ್ಸು,” ಎಂದರು.

ನನ್ನ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ಅದರಲ್ಲಿ ಓರಗಿತ್ತಿಯನ್ನು ಹಿಡಿದೆ. ಹತ್ತು ಗಂಟೆಗೆ ಒಳಗೆ ಕರೆದುಕೊಂಡು ಹೋಗುತ್ತಾರೆ, ಅಷ್ಟರೊಳಗೆ ವಿಡಿಯೋದಲ್ಲಿ ಬನ್ನಿ ಎಂದಳು. ಅತ್ತೆಗೆ ಫೋನು ಕೊಟ್ಟು, ಹೇಳುವುದನ್ನು ಇದರಲ್ಲೇ ಹೇಳಿಬಿಡಿ, ಅವರಿಗೆ ಕೇಳಿಸುತ್ತದೆ ಎಂದು ಸನ್ನೆ ಮಾಡಿದೆ. ಅವರು ಅದನ್ನು ದೂಡಿದರು.

“ಬಾವಿಗೆ ಮಾತು ಎಸೆಯಾಕಾ? ಅವ್ನು ‘ಬತ್ತೀನಿ’ ಅನ್ನಾದ ನಾನು ನೋಡ್ಬೇಕು.”

ಟ್ಯಾಬ್ ತೆರೆದೆ. ವೈಫೈ ಸೇರಲಿಲ್ಲ. ನೀವು ಹೇಳಿಕೊಟ್ಟಿದ್ದಂತೆ ಆರಿಸಿ ಹಚ್ಚಿದೆ. ಪೆಟ್ಟಿಗೆಯನ್ನೂ ಆರಿಸಿ, ಉಸಿರು ಬಿಗಿಹಿಡಿದು ಕಾದು, ಹಚ್ಚಿದೆ. ಹಸಿರು ದೀಪಗಳು ಬಂದವು, ಆದರೆ ನೀವಿಟ್ಟ ಹೆಸರು ಮಾತ್ರ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಪಕ್ಕದ ಮನೆಯದೊಂದು ಹೆಸರು, ಇಂಗ್ಲಿಷ್ ಅಕ್ಷರವೂ ಅಂಕಿಯೂ ಬೆರೆತ ಇನ್ನೊಂದು, ಅಷ್ಟೇ. ಆ ಇನ್ನೊಂದು ಯಾರದೋ ಎಂದುಕೊಂಡೆ. ಪಕ್ಕದ ಮನೆಗೆ ಓಡಿದರೆ ಬೀಗ. ಬೀದಿಯ ಜನವೆಲ್ಲ ದ್ರಾಕ್ಷಿತೋಟದಲ್ಲಿ. ಯಾರ ಫೋನು ಸಿಕ್ಕಿದ್ದರೂ ಅಷ್ಟು ಚಿಕ್ಕ ಗಾಜಿನಲ್ಲಿ ಅತ್ತೆಗೆ ತುಟಿ ಕಾಣುವುದಿಲ್ಲ.

ಗೋಡೆಯ ಮೇಲೆ ಚಿಕ್ಕತಾತ ಕೇಬಲ್ ಆಫೀಸಿನ ನಂಬರು ಬರೆದಿದ್ದರು. ಗುರುತಿಲ್ಲದವರಿಗೆ ನಾನಾಗಿ ಫೋನು ಮಾಡಿದ್ದು ಅದುವರೆಗೆ ಇರಲಿಲ್ಲ. ನಿಮ್ಮ ತಾತ ಇದ್ದಾಗ ಅವರು, ಆಮೇಲೆ ಮೈದುನ. ನಂಬರು ಒತ್ತಿದೆ. ಆ ಕಡೆ ಒಬ್ಬ ಹೆಂಗಸು “ಯಾರು” ಎಂದು ಕೇಳಿದ ಕೂಡಲೇ ನಾನೇ ಕಟ್ ಮಾಡಿದೆ.

ಅತ್ತೆ ನನ್ನ ತುಟಿಯನ್ನೇ ನೋಡುತ್ತಿದ್ದರು.

“ಬಾಯೇ ತೆರೀಲಿಲ್ವಲ್ಲೇ. ಕಿವುಡಿ ನಾನಾ, ನೀನಾ?”

ಮತ್ತೆ ಒತ್ತಿದೆ. ಈ ಸಲ ಕಣ್ಣು ಮುಚ್ಚಿಕೊಂಡು ಮಾತಾಡಿದೆ. ಆ ಹೆಂಗಸು ಹಬ್ಬದ ದಿನ ಆಫೀಸು ರಜೆ ಎಂದು ಗೊಣಗಿದಳು. ನಾನು ದಿಂಡಿಗಲ್, ಆಸ್ಪತ್ರೆ, ಹತ್ತು ಗಂಟೆ ಎಂದಷ್ಟೇ ಹೇಳಿದೆ. ಅವಳ ಗೊಣಗಾಟ ನಿಂತಿತು. ಒಂದೊಂದಾಗಿ ಕೇಳುತ್ತಾ ಬಂದಳು. ದೀಪ ಯಾವ ಬಣ್ಣ? ಪಟ್ಟಿಯಲ್ಲಿ ಏನೇನಿದೆ? ಕೊನೆಗೆ, ಪೆಟ್ಟಿಗೆಯ ಹಿಂದೆ ಸಣ್ಣ ತೂತು ಇದೆಯಲ್ಲ, ಅದಕ್ಕೆ ಯಾರಾದರೂ ಏನಾದರೂ ಚುಚ್ಚಿದರಾ ಎಂದಳು.

ಚುಚ್ಚಿದ್ದೆ. ಆ ತೂತಿನ ತುಂಬ ಗಂಧ ಒಣಗಿ ಕೂತಿತ್ತು. ಸ್ವಿಚ್ ಹಾಕಿದ ಮೇಲೆ ಅದು ಕಣ್ಣಿಗೆ ಬಿದ್ದು, ಬ್ಯಾಟರಿಯ ಗೂಡೋ ಏನೋ ಎಂದುಕೊಂಡು, ಬೇವಿನ ಕಡ್ಡಿ ಇಟ್ಟು ಚೆನ್ನಾಗಿ ಒತ್ತಿ ತಿರುಗಿಸಿ ತೆಗೆದಿದ್ದೆ. ಅದು ಪೆಟ್ಟಿಗೆಯನ್ನು ಕಂಪನಿಯಿಂದ ಬಂದ ದಿನದ ಸ್ಥಿತಿಗೆ ಒಯ್ಯುವ ಗುಂಡಿಯಂತೆ. ಹೆಸರೂ ಪಾಸ್‌ವರ್ಡೂ ಎಲ್ಲಾ ಅಳಿದು ಹುಟ್ಟುಹೆಸರಿಗೆ ಹೋಗಿದೆ, ಆ ಗುರುತಿಲ್ಲದ ಹೆಸರೇ ನಿಮ್ಮದು, ಲೈನನ್ನು ನಾನು ಇಲ್ಲಿಂದ ಸರಿಮಾಡುತ್ತೇನೆ, ಪಾಸ್‌ವರ್ಡು ಅಡಿಯ ಸ್ಟಿಕ್ಕರಿನಲ್ಲಿದೆ, ನೋಡಿ ಒತ್ತಿ ಎಂದಳು.

ಪೆಟ್ಟಿಗೆ ಮಗುಚಿದೆ. ಓರಗಿತ್ತಿ ಭಕ್ತಿಯಿಂದ ಅಡಿಗೂ ಪೊಟ್ಟು ಇಟ್ಟಿದ್ದಳು, ಸರಿಯಾಗಿ ಆ ಸ್ಟಿಕ್ಕರಿನ ನಡುವೆ. ನಾನು ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಉಜ್ಜಿ ಅದನ್ನು ಇನ್ನಷ್ಟು ಹರಡಿದ್ದೆ. ಕೆಂಪಿನ ಕೆಳಗೆ ಒಂದಕ್ಷರವೂ ಕಾಣಲಿಲ್ಲ. ಗಡಿಯಾರದ ಕಡೆ ನೋಡಬಾರದೆಂದುಕೊಂಡೇ ನೋಡಿದೆ. ಒಂಬತ್ತೂವರೆ ದಾಟಿತ್ತು.

ಕುಂಕುಮ ನೀರಿಗೆ ಹರಡುತ್ತದೆ, ಎಣ್ಣೆಗೆ ಬಿಡುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನ ಹಣೆಯದನ್ನು ತೆಗೆದ ದಿನ ಎಣ್ಣೆಯಲ್ಲೇ ತೆಗೆದಿದ್ದರು. ಹತ್ತಿಗೆ ಒಂದು ತೊಟ್ಟು ಕೊಬ್ಬರಿಎಣ್ಣೆ ಮುಟ್ಟಿಸಿ, ಉಜ್ಜದೆ, ಒತ್ತಿ ಒತ್ತಿ ತೆಗೆದೆ. ಅತ್ತೆ ದೀಪ ಹಿಡಿದರು. ಕೆಂಪು ಹತ್ತಿಗೆ ಬಂದಂತೆ ಅಕ್ಷರಗಳು ಒಂದೊಂದಾಗಿ ಮೇಲೆದ್ದವು. ಒತ್ತಿದೆ. ತಪ್ಪು ಎಂದಿತು. ಫೋನಿನ ಹೆಂಗಸು, ದೊಡ್ಡಕ್ಷರಕ್ಕೆ ಬಾಣದ ಗುರುತು ಒತ್ತಬೇಕಮ್ಮಾ, ಅವಸರ ಬೇಡ ಎಂದಳು. ಬಾಣ ಒತ್ತಿ ಮತ್ತೆ ಮೊದಲಿಂದ ಬರೆದೆ. ಅದು ಯೋಚಿಸಿತು, ಯೋಚಿಸಿತು, ಸೇರಿಕೊಂಡಿತು.

ಓರಗಿತ್ತಿಯ ಮುಖ ಬಂತು, ಓಲಾಡಿತು, ಆಮೇಲೆ ಹಸಿರು ಅಂಗಿಯ ಚಿಕ್ಕತಾತ. ಆಗಲೇ ತಳ್ಳುಮಂಚದ ಮೇಲಿದ್ದರು. ಅವರ ತುಟಿ ‘ಅವ್ವಾ’ ಎಂದಿತು. ಅತ್ತೆ ಟ್ಯಾಬನ್ನು ಮೂಗಿನ ಹತ್ತಿರ ಹಿಡಿದರು.

“ಹೋಗ್ಬುಟ್ಟು ಬಾ, ಸಾಮಿ.”

“ಬತ್ತೀನವ್ವಾ.”

ಯಾರೋ ಬಂದು ಮಂಚ ತಳ್ಳಿದರು. ಚಿತ್ರ ಚಾವಣಿಯ ದೀಪಗಳಿಗೆ ತಿರುಗಿ ಆರಿತು. ಅತ್ತೆ ಆ ಕಪ್ಪು ಗಾಜನ್ನೇ ನೋಡುತ್ತಾ ಕುಳಿತರು. ಮಧ್ಯಾಹ್ನ ಓರಗಿತ್ತಿ ಫೋನು ಮಾಡಿ, ಮುಗಿಯಿತು, ಉಸಿರು ಚೆನ್ನಾಗಿದೆ ಎಂದು ಹೇಳುವವರೆಗೂ ಅವರು ಒಂದು ಸಲವೂ ಕಣ್ಣು ಮುಚ್ಚಿಕೊಳ್ಳಲಿಲ್ಲ. ನಾನು ಆ ಮಾತನ್ನು ತುಟಿಯಲ್ಲಿ ತಿರುಗಿಸಿ ಹೇಳಿದ ಮೇಲೆ ಅನ್ನ ಕೇಳಿದರು.

ಈಗ ಚಿಕ್ಕತಾತ ತೋಟದ ಬದುವಿನವರೆಗೆ ನಡೆದು ಬರುತ್ತಾರೆ, ನೀವು ನೋಡಿದ್ದೀರಿ. ಹಳೆಯ ಹೆಸರನ್ನೇ ಮತ್ತೆ ಇಡೋಣ ಎಂದಿರಿ. ಬೇಡ ಮಕ್ಕಳೇ, ಇದೇ ಇರಲಿ.

ಈ ಹಾಳೆಗಳನ್ನು ನಿಮ್ಮ ತಾತನ ತಗಡಿನ ಪೆಟ್ಟಿಗೆಯಲ್ಲಿ, ಇಲಿ ಮುಟ್ಟದ ಹಾಗೆ ಇಟ್ಟುಕೊಳ್ಳಿ. ಆಯುಧಪೂಜೆಯಲ್ಲಿ ಪುಸ್ತಕಗಳ ಜೊತೆ ಇವನ್ನೂ ಇಟ್ಟರೆ ನನಗೆ ಸಂತೋಷವೇ. ಪೊಟ್ಟು ಮಾತ್ರ ಅಂಚಿಗೆ ಇಡಿ, ಅಕ್ಷರದ ಮೇಲೆ ಬೇಡ.