ಬೋಗುಣಿಯ ತಳಕ್ಕೆ ಕಾಗಿಣಾ ಮಣ್ಣು

ಪಾತ್ರೆ ಅಂಗಡಿಗೆ ಹೋದ ಸಭ್ಯ ಗೃಹಸ್ಥರು ಪಾತ್ರೆಯ ಹೊಳಪು, ಹಿಡಿಕೆ, ಬಾಯಿಯ ಅಗಲ ಇವನ್ನೆಲ್ಲ ನೋಡುತ್ತಾರೆ. ನಾನು ಮಾತ್ರ ಕೈಗೆ ಸಿಕ್ಕಿದ್ದನ್ನು ಮೊದಲು ಬೋರಲು ಹಿಡಿದು, ಬೆರಳ ಗೆಣ್ಣಿನಿಂದ ತಳವನ್ನು ಬಾರಿಸಿ, ರೋಗಿಯ ಎದೆ ಪರೀಕ್ಷಿಸುವ ವೈದ್ಯರ ಗಾಂಭೀರ್ಯದಿಂದ ಕಿವಿಗೊಡುತ್ತೇನೆ. ಠಣ್ ಎಂದರೆ ತೆಳು, ಧಮ್ ಎಂದರೆ ದಪ್ಪ. ಚಂದಾಪುರದ ಅಂಗಡಿಯಾತ ನನ್ನನ್ನು ಕಂಡಕೂಡಲೇ ಹೊಸ ಸರಕನ್ನು ಒಳಗೆ ಸರಿಸುತ್ತಾನೆಂದು ನನ್ನ ಹೆಂಡತಿಯ ಆರೋಪ. ಈ ಚಟ ನನಗೆ ಅಂಟಿದ ಬಗೆಯನ್ನು ಕೇಳಿದರೆ, ಓದುಗ ಮಹಾಶಯರೇ, ನೀವೂ ಇಂದೇ ನಿಮ್ಮ ಅಡುಗೆಮನೆಗೆ ಹೋಗಿ ಬೋಗುಣಿ ಬಾರಿಸುವಿರಿ.

ಆಗ ನಾನು ವಾಡಿಯಲ್ಲಿ ಹೈಸ್ಕೂಲು ಮಾಸ್ತರ. ಹೆಂಡತಿ ಶಾಂತಾಳಿಗೆ ಕಟ್ಟಿಗೆ ಒಲೆಯ ಹೊಗೆ ಎದೆಗಿಳಿದು ಕೆಮ್ಮು ಖಾಯಂ ಆಗಿತ್ತು. ಸ್ವಭಾವತಃ ನಗುಮುಖದವಳಾದರೂ ಯಾವ ನಗುವನ್ನೂ ಪೂರ್ತಿ ನಗಲಾರಳು. ಅರ್ಧಕ್ಕೇ ಕೆಮ್ಮು ಬಂದು ಅದನ್ನು ಕಸಿದುಕೊಳ್ಳುತ್ತಿತ್ತು. ಹೊಗೆ ಬಿಡಿಸದೆ ಔಷಧ ಕುಡಿಸಿ ಪ್ರಯೋಜನವಿಲ್ಲವೆಂದರು ಶಹಾಬಾದಿನ ಡಾಕ್ಟರು. ಅಂತೂ ವರ್ಷಗಟ್ಟಲೆ ಕಾದು ಗ್ಯಾಸ್ ತಂದು, ಶಹಾಬಾದಿ ಕಲ್ಲಿನ ಕಟ್ಟೆ ಹಾಕಿಸಿ, ಹಳೆಯ ಒಲೆಯನ್ನು ಸ್ವಹಸ್ತದಿಂದ ಒಡೆದು, ಧೂಮಸಂಹಾರ ಮಾಡಿದ ವೀರನಂತೆ ಬೀಗಿದೆ.

ನನ್ನ ಬೀಗುವಿಕೆ ಮೊದಲ ಪುಂಡಿಪಲ್ಯದವರೆಗೆ ಮಾತ್ರ. ನಮ್ಮಲ್ಲಿದ್ದವೆಲ್ಲ ತೆಳ್ಳನೆಯ ಜರ್ಮನ್ ಬೋಗುಣಿಗಳು. ಅಲ್ಯೂಮಿನಿಯಮ್ಮನ್ನು ನಮ್ಮ ಕಡೆ ಹಾಗೆ ಕರೆಯುವುದು. ಗ್ಯಾಸಿನ ನೀಲಿ ಜ್ವಾಲೆ ಅವುಗಳ ನಟ್ಟನಡುವೆ ನುಗ್ಗಿ, ಒಂದೇ ಬೋಗುಣಿಯೊಳಗೆ ಸುಟ್ಟದ್ದು, ಬೆಂದದ್ದು, ಹಸಿಯದ್ದು ಎಂಬ ಮೂರು ಪ್ರಕಾರದ ಪಾಕವನ್ನು ಸಿದ್ಧಪಡಿಸುತ್ತಿತ್ತು. ನನ್ನ ಉಪದೇಶದ ಮೇರೆಗೆ ಉರಿ ಸಣ್ಣದು ಮಾಡಿದರೆ, ಅಡುಗೆ ಆಗುವ ಹೊತ್ತಿಗೆ ನಾನು ಶಾಲೆಯಲ್ಲಿರುತ್ತಿದ್ದೆ. ತಳ ಹಿಡಿದ ವಾಸನೆ ಬಂದರೆ ಮಾಸ್ತರರ ಊಟದ ಹೊತ್ತಾಯಿತೆಂದು ಪಕ್ಕದ ಮನೆಯ ಹಸೀನಾ ಖಾಲಾ ತಿಳಿಯುತ್ತಿದ್ದರು.

ಸುದ್ದಿ ದಂಡೋತಿಗೂ ಮುಟ್ಟಿತು. ಅಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದ ಅವ್ವ, ಕಾಗಿಣಾ ನದಿಯ ದಂಡೆಯ ಮಣ್ಣನ್ನು ಗಂಟು ಕಟ್ಟಿಕೊಂಡು ಬಸ್ಸಿಳಿದಳು.

“ನೀ ಒಡದ ಒಲಿ ನಾ ಕಟ್ಟತೀನಿ. ಸುಟ್ಟ ಕೂಳು ತಿಂದು ನನ್ನ ಮಗ ಸೊರಗಾಕತ್ತಾನ.”

ನನ್ನ ಸೊಂಟದ ಬೆಲ್ಟು ಬೇರೆಯೇ ಸಾಕ್ಷ್ಯ ನುಡಿಯುತ್ತಿತ್ತು, ಇರಲಿ. ಡಾಕ್ಟರ ಮಾತನ್ನು ಗುನುಗಿ ನೋಡಿದೆ. “ನಾವೇನು ಹೊಗಿ ಕುಡದಿಲ್ಲೇನು?” ಎಂದಳು. ಅಡುಗೆಮನೆಯ ವಿಷಯದಲ್ಲಿ ಅವಳ ಮಾತಿಗೆ ನಮ್ಮ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ. ಒಲೆ ಬಂದರೆ ಹೊಗೆ ಬರುತ್ತದೆ, ಹೊಗೆ ಬಂದರೆ ಶಾಂತಾಳ ಉಸಿರು ಹೋಗುತ್ತದೆ. ನನಗೆ ನಿಜವಾಗಿಯೂ ಭಯವಾಯಿತು.

ಅವ್ವ ಮಣ್ಣು ನೆನೆಹಾಕಿದಳು. ಅದು ಹದಕ್ಕೆ ಬರುವತನಕ ಹೊಟ್ಟೆ ಕೇಳಬೇಕಲ್ಲ! ಪುಂಡಿಪಲ್ಯ ಬೇಯಿಸಲು ಅನಿವಾರ್ಯವಾಗಿ ಗ್ಯಾಸಿನ ಮುಂದೆಯೇ ನಿಂತಳು. ಮಸಿ ಅಂಟದಿರಲೆಂದು ಪಾತ್ರೆಯ ತಳಕ್ಕೆ ಹಸಿಮಣ್ಣು ಮೆತ್ತಿ ಒಲೆಗೇರಿಸುವುದು ನಮ್ಮ ಕಡೆಯ ರೂಢಿ. ಅವಳ ಕೈ ತಾನಾಗಿಯೇ ನೆನೆದ ಮಣ್ಣಿಗೆ ಹೋಗಿ, ಬೋಗುಣಿಯ ತಳಕ್ಕೆ ದಪ್ಪಗೆ ಬಳಿದುಬಿಟ್ಟಿತು. ನಾನು ಹೊಟ್ಟೆ ಹಿಡಿದು ನಕ್ಕೆ.

“ಅವ್ವಾ, ಗ್ಯಾಸಿಗಿ ಮಸಿನೇ ಇಲ್ಲಲ್ಲ!”

“ಇರಲಿ ಬಿಡು. ಬೋಳು ಬಗೋಣಿ ಉರಿ ಮ್ಯಾಲ ಇಡಾಕ ನನಗ ಮನಸಾಗಂಗಿಲ್ಲ.”

ಪಲ್ಯ ಅವಸರವಿಲ್ಲದೆ, ಅಂಚಿನಿಂದ ಅಂಚಿಗೆ ಒಂದೇ ಸಮನೆ ಕುದಿಯಿತು. ಹೊತ್ತು ಮೀರಿತು. ಹಸೀನಾ ಖಾಲಾ ಗಾಬರಿಯಿಂದ ಗೋಡೆಯ ಮೇಲಿಂದ ಇಣುಕಿದರು.

“ಏನ್ರಿ ಮಾಸ್ತರ್, ಇವತ್ತ ಸುಟ್ಟ ವಾಸನಿನೇ ಬರಲಿಲ್ಲ. ಶಾಂತಾಗ ಆರಾಮ ಅದನೋ ಇಲ್ಲೋ?”

ನಾವು ಮೂವರೂ ಪರಸ್ಪರ ಮುಖ ನೋಡಿಕೊಂಡೆವು. ಶಾಂತಾ ಸೌಟು ಇಳಿಸಿ ತಳ ಕೆರೆದಳು. ಒಂದು ಕರಿ ಚುಕ್ಕೆಯೂ ಬರಲಿಲ್ಲ. ಜ್ವಾಲೆಯ ಆವೇಶವನ್ನು ಮಣ್ಣು ಮೊದಲು ತಾನುಂಡು, ಬಳಿಕ ತಳಕ್ಕೆಲ್ಲ ಸಮನಾಗಿ ಹಂಚಿತ್ತು. ತೆಳು ಬೋಗುಣಿ ಅದರಿಂದಲೇ ದಪ್ಪ ತಳದ್ದಾಗಿತ್ತು. ಇದು ನನಗೆ ತಿಳಿದಿರಲಿಲ್ಲ, ಅವ್ವನಿಗೂ ತಿಳಿದಿರಲಿಲ್ಲ. ಆದರೆ ಅಚ್ಚರಿಯನ್ನು ನುಂಗಿಕೊಳ್ಳಲು ಆಕೆಗೆ ಒಂದು ರೆಪ್ಪೆ ಬಡಿತ ಸಾಕಾಯಿತು.

“ಮತ್ತ? ಗ್ಯಾಸು ಭಾಳ ಛಲೋ ಅದ. ನಿಮಗ ಮಣ್ಣು ಹಚ್ಚಾಕ ಬರಂಗಿಲ್ಲ ಅಷ್ಟ!”

ಎಂದವಳೇ ಉಳಿದ ಬೋಗುಣಿಗಳನ್ನೆಲ್ಲ ಎಳೆದುಕೊಂಡು ಕುಂತಳು. ಎಲ್ಲಕ್ಕೂ ಮಣ್ಣು ಮೆತ್ತಿ ಬಿಸಿಲಿಗಿಡುವ ಹೊತ್ತಿಗೆ ಗಂಟು ಖಾಲಿಯಾಗಿ, ಒಲೆ ಕಟ್ಟಲು ಒಂದು ಹಿಡಿ ಮಣ್ಣೂ ಉಳಿದಿರಲಿಲ್ಲ. ಆಹಾ, ಎಂಥ ದಿಗ್ವಿಜಯ! ಆಮೇಲೆ ಓಣಿಯ ಮನೆಮನೆಗೂ ಹೋಗಿ ಗ್ಯಾಸಿನ ಗುಣಗಾನ ಮಾಡಿದ್ದೂ ಅವಳೇ. ಬರ್ನರಿನ ತೂತುಗಳಿಗೆ ಬಿದ್ದ ಮಣ್ಣಿನ ಹುಡಿಯನ್ನು ಸೂಜಿಯಿಂದ ಕೆದಕುವ ಕೈಂಕರ್ಯ ಮಾತ್ರ ನನ್ನ ಪಾಲಿಗೆ ಬಂತು. ಮುಂದೆ ದಪ್ಪ ತಳದ ಪಾತ್ರೆಗಳು ಒಂದೊಂದಾಗಿ ಮನೆ ಸೇರಿ, ಕಾಗಿಣಾ ಮಣ್ಣು ಗೌರವದಿಂದ ನಿವೃತ್ತಿ ಹೊಂದಿತು.

ಮೊನ್ನೆ ಚಂದಾಪುರದ ಅಂಗಡಿಯಲ್ಲಿ ಮತ್ತೊಂದು ಬೋಗುಣಿಯನ್ನು ಬೋರಲು ಹಿಡಿದು ಬಾರಿಸಿದೆ. ಅಂಗಡಿಯಾತ ಕೈ ಮುಗಿದು, “ಒಯ್ರಿ ಸರ, ಇದಕ್ಕ ಮಣ್ಣು ಹಚ್ಚೋದು ಬ್ಯಾಡ್ರಿ” ಎಂದ. ಕಥೆಯನ್ನು ಅಲ್ಲಿಗೂ ತಲುಪಿಸಿದ ಶಾಂತಾ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಅವಳು ನಗತೊಡಗಿದಳು. ಬೋಗುಣಿಯನ್ನು ಕೈಯಲ್ಲಿ ಹಿಡಿದೇ ನಾನು ಕಿವಿಗೊಟ್ಟೆ. ಇಷ್ಟು ವರ್ಷವಾದರೂ ಅವಳು ನಕ್ಕಾಗಲೆಲ್ಲ ಕಿವಿಗೊಡುತ್ತೇನೆ. ನಗು ಅರ್ಧಕ್ಕೆ ಬಂತು, ಅರ್ಧವನ್ನು ದಾಟಿತು, ಕೊನೆಯವರೆಗೂ ಹೋಗಿ ತಾನಾಗಿಯೇ ನಿಂತಿತು.