ಅತ್ತೆಯ ಕೈಯಲ್ಲಿ ಎರಡು ಸೂಜಿ

ಇವತ್ತು ಬೆಳಿಗ್ಗೆ ಒಗ್ಗರಣೆ ಹಾಕುವಾಗ ಬೆರಳಿನಿಂದ ಇಂಗಿನ ವಾಸನೆ ಬರಲಿಲ್ಲ, ಚರ್ಮದ ವಾಸನೆ ಬಂತು. ಎರಡು ಸಲ ಸೋಪು ಹಚ್ಚಿ ತೊಳೆದರೂ ಹೋಗಲಿಲ್ಲ. ಇದೇ ವಾಸನೆಯಿಂದ ಎರಡು ತಿಂಗಳ ಹಿಂದೆ ನಮ್ಮ ಮನೆಯಲ್ಲಿ ಏನಾಯಿತು ಅಂತ ನಿಮಗೆ ಹೇಳಲೇಬೇಕು. ಯಾಕೆಂದರೆ ನನಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ನಾನು ಸಾಲಿಯಲ್ಲಿ ಚಿತ್ರಕಲೆ ಹೇಳಿಕೊಡುತ್ತಿದ್ದವಳು. ನಿವೃತ್ತಿಯಾದ ಮೇಲೆ ಕೈ ಸುಮ್ಮನೆ ಕೂರಲಿಲ್ಲ. ಚರ್ಮದ ಹೊದಿಕೆಯ ಡೈರಿಯನ್ನು ಮನೆಯಲ್ಲೇ ಹೊಲಿಯುವುದು ಹೇಗೆ ಅಂತ ಮೊಬೈಲಿನಲ್ಲಿ ನೋಡಿದೆ. ವಿಡಿಯೋದ ಹುಡುಗಿ ಆರು ನಿಮಿಷದಲ್ಲಿ ಮುಗಿಸಿದ್ದನ್ನು ನಾನು ಎರಡು ವಾರ ಹಿಡಿದು ಕೆಡಿಸಿದೆ. ಕಾಗದ ಮಡಚಿ ಎಂಟು ಕಟ್ಟು ಮಾಡುವುದು ಬಂತು. ಚರ್ಮಕ್ಕೆ ಹೊಲಿಯಲು ಕೂತರೆ ಮಾತ್ರ ದಾರ ಸಡಿಲ, ಕಟ್ಟುಗಳು ಹಲ್ಲು ಬಿದ್ದ ಬಾಯಿಯ ಹಾಗೆ ಅಲ್ಲಾಡುತ್ತಿದ್ದವು.

ಅದಕ್ಕಿಂತ ದೊಡ್ಡ ಕಷ್ಟ ಚರ್ಮವನ್ನು ಮನೆಯೊಳಗೆ ತರುವುದು. ಬ್ರೂಸ್‌ಪೇಟೆಯ ಅಂಗಡಿಯಲ್ಲಿ ಕೊಂಡ ತುಂಡನ್ನು ಮೆಂತ್ಯ ಸೊಪ್ಪಿನ ಅಡಿಯಲ್ಲಿ ಮುಚ್ಚಿಟ್ಟು ತಂದೆ, ಅರವತ್ತೊಂದು ವರ್ಷದ ಹೆಂಗಸು! ಕಾರಣ ನಮ್ಮ ಅತ್ತೆ, ಶಂಕ್ರಮ್ಮ. ಗಾಂಧಿನಗರದ ನಮ್ಮ ಮನೆಯಲ್ಲಿ ಚಪ್ಪಲಿ ಗೇಟಿನ ಆಚೆ ಬಿಡಬೇಕು. ನನ್ನ ಗಂಡನ ಬೆಲ್ಟಿಗೆ ಹೊರಗಿನ ಗೋಡೆಯಲ್ಲೊಂದು ಮೊಳೆ. ಮದುವೆಯಾದಾಗಿನಿಂದ ನಾನು ಬಟ್ಟೆ ಚೀಲವನ್ನೇ ಹಿಡಿದು ಸಾಲಿಗೆ ಹೋದೆ. ದಿನಾ ಲಿಂಗಪೂಜೆ ಮಾಡುವ ಹಿರಿಯರು, ಮಡಿ ಜಾಸ್ತಿ ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಹೊಲಿಯುತ್ತಿದ್ದೆ. ಒಂದು ದಿನ ತಲೆ ಎತ್ತಿ ನೋಡಿದರೆ ಅವರು ಬಾಗಿಲಲ್ಲಿ ನಿಂತಿದ್ದಾರೆ. ನನ್ನ ತೊಡೆಯ ಮೇಲೆ ಚರ್ಮ, ಕೈಯಲ್ಲಿ ತೂತು ಹಾಕುವ ಆರಿ. ಈಗ ಬೈಗುಳ ಬೀಳುತ್ತದೆ ಅಂತ ಕಾದೆ.

ಬೀಳಲಿಲ್ಲ. ಅತ್ತೆ ಗೋಡೆ ಹಿಡಿದು ನಿಧಾನ ಕೂತರು.

"ಹಂಗಲ್ಲವ್ವ," ಅಂದರು. "ಒಂದು ಸೂಜಿಲಿ ಹೊಲಿದ್ರ ಬಿಗಿ ಬರಂಗಿಲ್ಲ. ಇನ್ನೊಂದು ಸೂಜಿ ಕೊಡು ಇಲ್ಲಿ."

ದಾರದ ಎರಡೂ ತುದಿಗೆ ಒಂದೊಂದು ಸೂಜಿ ಪೋಣಿಸಿದರು. ಒಂದೇ ತೂತಿನಲ್ಲಿ ಎರಡನ್ನೂ ಎದುರುಬದುರು ತೂರಿಸಿ, ಎರಡು ಕೈಯಿಂದ ಜಗ್ಗಿದರು. ಕಟ್ಟು ಟಕ್ಕನೆ ಕೂತಿತು. ಎಪ್ಪತ್ತೆಂಟು ವರ್ಷದ ಆ ಕೈ ಒಂದು ತೂತನ್ನೂ ತಪ್ಪಲಿಲ್ಲ.

"ಅತ್ತಿ, ನಿಮಗ ಇದು ಯಾರು ಕಲಿಸಿದ್ರು?"

ಅವರು ಹೊಲಿಯುತ್ತಲೇ ಹೇಳಿದರು. ಅವರ ತವರು ಕುರುಗೋಡು. ಹತ್ತು ವರ್ಷದವರಿದ್ದಾಗ ಹುಲಿಗೆಮ್ಮ ಅಂತ ಒಬ್ಬ ಗೆಳತಿ. ಹುಲಿಗೆಮ್ಮನ ತಾಯಿ ದುರುಗಮ್ಮ, ಬಾವಿಯಿಂದ ನೀರೆತ್ತುವ ಚರ್ಮದ ಚೀಲ ಹೊಲಿಯುವವಳು. ಅವರಿದ್ದ ಕೇರಿಗೆ ಅತ್ತೆಯಂಥ ಮನೆತನದ ಹುಡುಗಿ ಹೋಗುವ ಹಾಗಿರಲಿಲ್ಲ. ಇವರು ಕದ್ದು ಹೋಗುತ್ತಿದ್ದರು. ದುರುಗಮ್ಮ ಇಬ್ಬರು ಹುಡುಗಿಯರನ್ನೂ ಪಕ್ಕದಲ್ಲಿ ಕೂಡಿಸಿಕೊಂಡು ಹೊಲಿಗೆ ಕಲಿಸಿದಳು. ಅತ್ತೆ ಒಂದು ಸಣ್ಣ ಚರ್ಮದ ಸಂಚಿ ಹೊಲಿದು, ಮನೆಗೆ ತಂದು ಬಟ್ಟೆಯ ಟ್ರಂಕಿನಲ್ಲಿ ಮುಚ್ಚಿಟ್ಟರು. ಅದು ಅವರ ಅಪ್ಪನ ಕೈಗೆ ಸಿಕ್ಕಿತು.

"ಅಪ್ಪ ಚಾಟಿ ಹಿಡಿದು ನಿಂತಿದ್ದ. ನಾನು ಹೇಳಿಬಿಟ್ಟೆ... ದುರುಗಮ್ಮ ನಮ್ಮ ಮನಿಯೊಳಗ ಬಂದು ಇಟ್ಟು ಹೋಗ್ಯಾಳ ಅಂತ."

"ಆಮ್ಯಾಲೆ?"

"ಕೇರಿಯಾಕಿ ಮನಿಯೊಳಗ ಬಂದ್ಲು ಅಂತ ಊರು ಕೂಡಿತು. ಯಾರೂ ಅಕಿಗೆ ಕೆಲಸ ಕೊಡಲಿಲ್ಲ. ಗುಡಿಸಲ ಕಿತ್ತು ಹಾಕಿದ್ರು. ಒಂದು ವಾರದಾಗ ತಾಯಿ ಮಗಳು ಸಿರುಗುಪ್ಪಕ್ಕ ನಡಕೊಂತ ಹೋದ್ರು. ಅವತ್ತಿನಿಂದ ಈ ವಾಸನಿ ಬಂದ್ರ ನನಗ ಉಸಿರು ಕಟ್ಟತೈತಿ."

ಮೂವತ್ತೈದು ವರ್ಷ ನಾವು ಮಡಿ ಅಂದುಕೊಂಡಿದ್ದು ಇದನ್ನು. ಗೇಟಿನ ಆಚೆಯ ಚಪ್ಪಲಿ, ಗೋಡೆಯ ಮೊಳೆ, ನನ್ನ ಬಟ್ಟೆ ಚೀಲ, ಎಲ್ಲವೂ ಹತ್ತು ವರ್ಷದ ಹುಡುಗಿಯ ಒಂದು ಮಾತಿನಿಂದ ಬಂದವು. ಈ ಮುದುಕಿಯನ್ನು ತಬ್ಬಿಕೊಳ್ಳಬೇಕೋ ಎದ್ದು ಹೋಗಬೇಕೋ ತಿಳಿಯಲಿಲ್ಲ. ಎರಡೂ ಮಾಡದೆ ಕೂತೆ.

"ಹುಲಿಗೆಮ್ಮ ಇನ್ನೂ ಅದಾಳ," ಅಂದರು ಅತ್ತೆ. "ಸಿರುಗುಪ್ಪದಾಗ ರೈಸ್ ಮಿಲ್ಲಿನ ಹಿಂದ ಮನಿ ಅಂತ ಕೇಳೀನಿ. ಇಪ್ಪತ್ತು ವರ್ಷದ ಹಿಂದ ಒಂದು ಮದುವಿಗೆ ಹೋದಾಗ ಬಸ್‌ಸ್ಟ್ಯಾಂಡಿನಾಗ ನೋಡೀನಿ. ಸೆರಗು ಮುಖಕ್ಕ ಎಳಕೊಂಡು ಬಸ್ ಹತ್ತಿಬಿಟ್ಟೆ."

ಇಬ್ಬರೂ ಸೇರಿ ಆ ಡೈರಿ ಪುಸ್ತಕ ಹೊಲಿದು ಮುಗಿಸಿದೆವು. ಅದನ್ನು ಹುಲಿಗೆಮ್ಮನಿಗೇ ತೋರಿಸಬೇಕು ಅಂದರು ಅತ್ತೆ; ಮರುದಿನವೇ ಸಿರುಗುಪ್ಪದ ಬಸ್ ಹತ್ತಿದೆವು. ದಾರಿಯುದ್ದಕ್ಕೂ ಕಾಲುವೆ, ಭತ್ತದ ಗದ್ದೆ. ನಾನು ಮನಸ್ಸಿನಲ್ಲೇ ಸಿನಿಮಾ ಕಟ್ಟುತ್ತಿದ್ದೆ: ಇಬ್ಬರು ಗೆಳತಿಯರು, ಅಪ್ಪುಗೆ, ಕಣ್ಣೀರು, ಪಕ್ಕದಲ್ಲಿ ನಾನು ಮೂಗು ಒರೆಸಿಕೊಳ್ಳುವುದು. ಮಕ್ಕಳ ಚಿತ್ರಕ್ಕೆ ನೂರಕ್ಕೆ ನೂರು ಹಾಕುತ್ತಿದ್ದ ಮೇಷ್ಟ್ರಮ್ಮನ ಬುದ್ಧಿ!

ಮಿಲ್ಲಿನ ಹಿಂದಿನ ಮನೆಯ ಕಟ್ಟೆಯ ಮೇಲೆ ಹುಲಿಗೆಮ್ಮ ಅಕ್ಕಿ ಆರಿಸುತ್ತಿದ್ದರು. "ಯಾರ್ರಿ? ಬರ್ರಿ," ಅಂದರು. ಅತ್ತೆ ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟರು. ಹುಲಿಗೆಮ್ಮ ಪುಸ್ತಕದ ಬೆನ್ನಿನ ಹೊಲಿಗೆಯ ಮೇಲೆ ಬೆರಳಾಡಿಸಿದರು. ಬೆರಳು ನಿಂತಿತು.

"ಇದು ನಮ್ಮವ್ವನ ಹೊಲಿಗಿ," ಅಂದರು. ಆಮೇಲೆ ತಲೆ ಎತ್ತಿ, "ಶಂಕ್ರೀ?"

ಅತ್ತೆ ನಿಂತಲ್ಲೇ ಎಲ್ಲವನ್ನೂ ಹೇಳಿದರು. ಸಂಚಿ, ಚಾಟಿ, ಸುಳ್ಳು.

"ಗೊತ್ತೈತಿ," ಅಂದರು ಹುಲಿಗೆಮ್ಮ. "ಅವತ್ತು ನಿನ್ನ ಹುಡುಕಿಕೊಂಡು ಬಂದಿದ್ದೆ. ನಿಮ್ಮ ಕಿಟಕಿ ಕೆಳಗ ನಿಂತು ಎಲ್ಲಾ ಕೇಳಿದೆ. ನಮ್ಮವ್ವಗ ಮಾತ್ರ ಹೇಳಲಿಲ್ಲ. ಯಾರು ಹೇಳಿದ್ರು ಅಂತ ಗೊತ್ತಿಲ್ಲದನ ಅಕಿ ಸತ್ತಳು. ನಿನ್ನ ಮ್ಯಾಲೆ ಭಾಳ ಜೀವ ಇತ್ತು ಅಕಿಗೆ."

ನನ್ನ ಸಿನಿಮಾ ಅಲ್ಲಿಗೇ ನಿಂತಿತು. ಹುಲಿಗೆಮ್ಮ ಅಕ್ಕಿಯ ಮೊರ ಪಕ್ಕಕ್ಕೆ ಸರಿಸಿದರು.

"ಹೋಗಲಿ ಬಿಡು ಅಂತ ನಾ ಹೇಳಂಗಿಲ್ಲ ಶಂಕ್ರಿ. ಅದನ್ನ ಹೇಳೋದಿದ್ರ ನಮ್ಮವ್ವ ಹೇಳಬೇಕಿತ್ತು."

"ಬ್ಯಾಡ," ಅಂದರು ಅತ್ತೆ. "ಹೇಳಬ್ಯಾಡ."

ಹುಲಿಗೆಮ್ಮ ಪುಸ್ತಕ ಬಿಡಿಸಿ ಖಾಲಿ ಹಾಳೆ ನೋಡಿದರು. "ಇದರಾಗ ಏನು ಬರೀತಿ?"

"ನನಗ ಬರಿಯಾಕ ಬರಂಗಿಲ್ಲ. ಸೊಸಿ ಬರೀತಾಳ."

"ಹಂಗಾರ ಮೊದಲು ನಮ್ಮವ್ವನ ಹೆಸರು ಬರಿಸು," ಅಂದು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.

ಮೊದಲ ಹಾಳೆಯಲ್ಲಿ ದುರುಗಮ್ಮ ಅಂತ ಬರೆದೆ. ಈಗ ದಿನಾ ಪೂಜೆ ಮುಗಿಸಿ ಅತ್ತೆ ಪಕ್ಕದಲ್ಲಿ ಕೂರುತ್ತಾರೆ. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಇವತ್ತು ಆ ಸಂಚಿಯ ದಿನದವರೆಗೆ ಬಂದೆವು. 'ಹೆದರಿದ ಸಣ್ಣ ಹುಡುಗಿಯೊಬ್ಬಳು ಸುಳ್ಳು ಹೇಳಿದಳು' ಅಂತ ಬರೆದು ಓದಿ ತೋರಿಸಿದೆ. ಚೆನ್ನಾಗಿ ಬರೆದಿದ್ದೇನೆ ಅಂತ ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಅತ್ತೆ ತಲೆ ಅಲ್ಲಾಡಿಸಿದರು.

"ಹುಡುಗಿ ಅಂತ ಬರಿಬ್ಯಾಡವ್ವ. ನಾನು ಅಂತ ಬರಿ."

ಹೊಡೆದುಹಾಕಿ ತಿದ್ದಿದೆ.