ಮಾತು ನಿಂತ ಲ್ಯಾಪ್‌ಟಾಪ್

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಸುರಪುರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆ, ಮಕ್ಕಳ ಅಂಕಗಳು ಎಲ್ಲ ನನ್ನ ಲ್ಯಾಪ್‌ಟಾಪಿನಲ್ಲಿವೆ. ತೆರೆಯ ಮೇಲೆ ಬರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಅದರಲ್ಲಿದೆ. ನಾನು ಕೀಲಿ ಒತ್ತುತ್ತೇನೆ, ಅದು ಮಾತಾಡುತ್ತದೆ.

ಕಳೆದ ವರ್ಷ ಅದು ಶುರುವಾಗಲು ತೀರ ತಡ ಮಾಡತೊಡಗಿತು. ಬಟನ್ ಒತ್ತಿ, ಚಹಾ ಕುದಿಸಿ, ಸೋಸಿ, ಕುಡಿದು ಮುಗಿಸಿದರೂ ದನಿ ಬರುತ್ತಿರಲಿಲ್ಲ. ಪಕ್ಕದ ಮನೆಯವರನ್ನು ನಾನು ಖಾಲಾ, ಎಂದರೆ ಚಿಕ್ಕಮ್ಮ, ಎಂದೇ ಕರೆಯುವುದು; ಅವರು ಹೊಲಿಗೆ ಕೆಲಸದವರು. ದಾರ, ಲೇಸು ತರಲು ಯಾದಗಿರಿಗೆ ಹೊರಟಿದ್ದರು. ನಾನೂ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಅವರ ಜೊತೆ ಬಸ್ ಹತ್ತಿದೆ. ಶಹಾಪುರದವರೆಗೂ ಸೀಟು ಸಿಗಲಿಲ್ಲ.

ರಿಪೇರಿ ಅಂಗಡಿಯವನು ನನ್ನ ಕೈಯಿಂದ ಲ್ಯಾಪ್‌ಟಾಪ್ ತೆಗೆದುಕೊಂಡು ಖಾಲಾರನ್ನು ಕೇಳಿದ: "ಏನ್ ತ್ರಾಸ್ ಅದ ಅಂತಾರ್ರಿ ಇವ್ರು?"

"ನನಗ್ಯಾಕ ಕೇಳ್ತೀಪಾ? ಮಷೀನ್ ಅವರದು. ಅವರ್ನೇ ಕೇಳು," ಎಂದರು ಖಾಲಾ.

ನಾನು ಹೇಳಿದೆ. ಕೇಳಿಸಿಕೊಂಡ, ಆದರೆ ಉತ್ತರ ಮತ್ತೆ ಖಾಲಾರಿಗೇ ಕೊಟ್ಟ. "ಎರಡು ತಾಸು ಬಿಟ್ಟು ಬರ್ರಿ."

ಎರಡು ತಾಸಿನ ನಂತರ ಹೋದಾಗ, "ನೋಡ್ರಿ, ಹ್ಯಾಂಗ ಫಟ್ ಅಂತ ಚಾಲು ಆತು!" ಎಂದ. ನನಗೆ ದನಿ ಕೇಳಿಸಲಿಲ್ಲ. "ಸೌಂಡ್ ಬರಾಕತ್ತಿಲ್ಲಲ್ಲ?" ಎಂದೆ. "ಬಜಾರದ ಗದ್ದಲ ರೀ, ಮನಿಗಿ ಹೋಗಿ ನೋಡ್ರಿ," ಎಂದು ಮುಚ್ಚಿ ಕೊಟ್ಟ. ನಂಬಿ ಬಂದೆ. ಆ ನಂಬಿಕೆಗೆ ಈಗಲೂ ನನ್ನನ್ನೇ ಬೈದುಕೊಳ್ಳುತ್ತೇನೆ.

ಮನೆಯಲ್ಲಿ ಎಷ್ಟು ಕೀಲಿ ಒತ್ತಿದರೂ ಅದು ತುಟಿ ಬಿಚ್ಚಲಿಲ್ಲ. ಅಂಗಡಿಗೆ ಫೋನ್ ಮಾಡಿದೆ.

"ಸ್ಕ್ರೀನ್ ಬರಾಕತ್ತದ ಇಲ್ರಿ ಅಕ್ಕಾರ? ಸೌಂಡ್ ಇಲ್ಲಂದ್ರ ಬೋರ್ಡ್ ಹೋಗಿರ್ತದ. ಹಳೇ ಮಷೀನ್. ಸೌಂಡ್ ಇರಲಿಲ್ಲಂದ್ರ ಏನಾತು, ನೋಡ್ಕೊಂತ ಕೆಲಸ ಮಾಡ್ರಿ."

ನೋಡಿಕೊಂಡು ಕೆಲಸ ಮಾಡಬೇಕಂತೆ! ಫೋನ್ ಇಟ್ಟ ಮೇಲೂ ನನ್ನ ಕಿವಿ ಬಿಸಿಯಾಗಿಯೇ ಇತ್ತು. ಮರುದಿನ ಶಾಲೆಯಲ್ಲಿ, ಲ್ಯಾಪ್‌ಟಾಪ್ ಕೆಟ್ಟದ್ದು ತಿಳಿದು, ಮುಖ್ಯಗುರುಗಳು ನನ್ನ ಪ್ರಶ್ನೆಪತ್ರಿಕೆಯನ್ನು ಬೇರೆಯವರಿಗೆ ವಹಿಸಿದರು. "ಪಾಪ, ನಿಮಗ್ಯಾಕ ತ್ರಾಸ" ಎಂದರು. ನಾನು ತ್ರಾಸ ಎಂದು ಯಾರಿಗೂ ಹೇಳಿರಲಿಲ್ಲ. ಸೋಮವಾರದವರೆಗೆ ಸಮಯ ಕೊಡಿ ಎಂದು ಹಟ ಹಿಡಿದು ಕೇಳಿಕೊಂಡೆ.

ಭಾನುವಾರ ಬೆಳಿಗ್ಗೆ ಖಾಲಾರನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿದೆ. ಇಂಗ್ಲಿಷಿನ ಒಂದೊಂದೇ ಅಕ್ಷರ ಹಿಡಿದು ಓದುವುದು ಅವರಿಗೆ ಗೊತ್ತು.

"ಏನ್ ಕಾಣಾಕತ್ತದ ಖಾಲಾ?"

"ಎಲ್ಲಾ ಕರ್ರಗ ಅದ ಬೇಟಾ. ನಾಕೂ ಮೂಲ್ಯಾಗ ಏನೋ ಸಣ್ಣಗ ಬರದದ. ಎಸ್... ಎ... ಎಫ್... ಇ."

ಸೇಫ್ ಮೋಡ್! ಕಂಪ್ಯೂಟರಿನ ದೋಷ ಹುಡುಕಲು ಅದನ್ನು ತೀರ ಅಗತ್ಯದ ಸಾಮಗ್ರಿಯಲ್ಲಷ್ಟೇ ಎಬ್ಬಿಸುವ ಕ್ರಮ ಅದು. ಆಗ ಧ್ವನಿ ಕೆಲಸ ಮಾಡುವುದಿಲ್ಲ. ಫಟ್ ಅಂತ ಚಾಲು ಆದ ಗುಟ್ಟೂ ಅದೇ. ಬೋರ್ಡು ನೆಟ್ಟಗಿತ್ತು. ಪರೀಕ್ಷೆಗೆಂದು ಹಾಕಿದ ಆ ಕ್ರಮವನ್ನು ಅಂಗಡಿಯವನು ತೆಗೆದಿರಲಿಲ್ಲ, ಅಷ್ಟೇ. ನಾಲ್ಕೂ ಮೂಲೆಯಲ್ಲಿ ಬರೆದಿದ್ದ ಆ ಮಾತನ್ನು ಕಣ್ಣಿದ್ದವನು ಓದಿರಲಿಲ್ಲ, ನೋಡಿಕೊಂಡು ಕೆಲಸ ಮಾಡಲು ನನಗೆ ಹೇಳಿದ್ದ. ಸಿಟ್ಟಿಗೆ ನನ್ನ ಹಲ್ಲು ಕಟಕಟಿಸಿದವು.

ವಿಂಡೋಸ್ ಕೀಲಿ ಹಿಡಿದು ಆರ್ ಒತ್ತಿದೆ. ಎಂಎಸ್‌ಕಾನ್ಫಿಗ್ ಎಂದು ಟೈಪ್ ಮಾಡಿ ಎಂಟರ್ ಹೊಡೆದೆ. ಕಂಪ್ಯೂಟರ್ ಹೇಗೆ ಶುರುವಾಗಬೇಕೆಂದು ತಿದ್ದುವ ಸಾಧನ ಅದು, ಕಂಪ್ಯೂಟರಿನೊಳಗೇ ಇರುತ್ತದೆ.

"ಒಂದು ಡಬ್ಬಿ ತೆರೀತು. ಮ್ಯಾಲ ಐದು ಹೆಸರು ಅವ."

"ಬಿ, ಓ, ಓ, ಟಿ ಅಂತ ಇರೋದನ್ನ ಒತ್ರಿ."

"ಒತ್ತೀನಿ. ಕೆಳಗ ಮತ್ತ ಅದೇ ಎಸ್, ಎ, ಎಫ್, ಇ ಅದ. ಬಾಜೂಕ ಟಿಕ್ ಹಾಕ್ಯಾರ."

"ಆ ಟಿಕ್ ತೆಗೀರಿ."

"ಬ್ಯಾಡ ಬೇಟಾ. ಏನರ ಸುಟ್ಟೀತು."

"ಸುಡಂಗಿಲ್ಲ, ತೆಗೀರಿ. ನಾ ಇದ್ದೀನಲ್ಲ."

ಓಕೆ ಒತ್ತಿಸಿ ಲ್ಯಾಪ್‌ಟಾಪನ್ನು ಮತ್ತೆ ಶುರು ಮಾಡಿದೆ. ಮೊದಲಿನ ಹಾಗೇ ತಡವಾಯಿತು. ಕೊನೆಗೆ ಅದು ಬಾಯಿ ಬಿಟ್ಟಿತು. "ಯಾ ಅಲ್ಲಾ, ಮಾತಾಡ್ತು!" ಎಂದು ಖಾಲಾ ನನ್ನ ಭುಜ ಹಿಡಿದು ಅಲುಗಾಡಿಸಿಬಿಟ್ಟರು.

ದನಿ ಬಂದ ಮೇಲೆ ಯಾರ ಹಂಗೂ ಬೇಕಿರಲಿಲ್ಲ. ಲ್ಯಾಪ್‌ಟಾಪಿನ ಜೊತೆಗೇ ಎದ್ದು ಕೂರುವ ಪ್ರೋಗ್ರಾಮುಗಳ ಪಟ್ಟಿ ತೆರೆದು, ಬೇಡವಾದದ್ದನ್ನು ಒಂದೊಂದಾಗಿ ತಡೆದು, ಪ್ರತಿ ಸಲ ಮತ್ತೆ ಶುರು ಮಾಡಿ ನೋಡಿದೆ. ಎಂದೋ ಬೇರೆಯವರಿಗೆ ಕೊಟ್ಟುಬಿಟ್ಟ ಪ್ರಿಂಟರಿನ ಪ್ರೋಗ್ರಾಮೊಂದು ಪ್ರತಿದಿನ ಆ ಪ್ರಿಂಟರನ್ನು ಹುಡುಕುತ್ತ ಕೂತಿತ್ತು. ಅದನ್ನು ತಡೆದ ಮೇಲೆ ತಡವಾಗುವುದು ನಿಂತಿತು. ಸಂಜೆಯೊಳಗೆ ಪ್ರಶ್ನೆಪತ್ರಿಕೆ ಮುಗಿಸಿದೆ. ಸೋಮವಾರ ಮುಖ್ಯಗುರುಗಳ ಕೈಗಿಟ್ಟೆ. ಅವರು ಪಾಪ ಎನ್ನಲಿಲ್ಲ.

ಅಂದೇ ಅಂಗಡಿಯವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಚೆಕ್ ಮಾಡಾಕ ಹಾಕಿದ್ದೆ, ತೆಗಿಯೋದು ಮರ್ತೆ ಬಿಡ್ರಿ. ಅದೇನ್ ದೊಡ್ಡ ಮಾತು?"

"ಮರ್ತದ್ದು ಸಣ್ಣ ಮಾತೇ. ಸೌಂಡ್ ಇಲ್ಲ ಅಂತ ನಿಮ್ಮ ಮುಂದ ನಿಂತು ಹೇಳ್ದೆ, ನೀವು ಕಿವ್ಯಾಗ ಹಾಕ್ಕೊಳ್ಳಿಲ್ಲ. ಅದು ದೊಡ್ಡ ಮಾತು."

"ಮನ್ಯಾಗ ಯಾರರ ಇದ್ರ ಫೋನ್ ಕೊಡ್ರಿ, ತಿಳಿಸಿ ಹೇಳ್ತೀನಿ," ಎಂದ.

"ಮನ್ಯಾಗ ನಾ ಅದೀನಿ," ಎಂದೆ. "ಹೇಳ್ರಿ."